ಅಂಚು ನೋಡುವ ಕರ್ನಲ್

ಇಂಗ್ಲೆಂಡಿನ ಸರ್ರೆಯಲ್ಲಿರುವ ನಮ್ಮ ಬೀದಿಯ ಕರ್ನಲ್ ಸಾಹೇಬರು ಜನ್ಮದಲ್ಲಿ ಬಂದೂಕು ಮುಟ್ಟಿದವರಲ್ಲ. ಕೌನ್ಸಿಲ್ ಕಚೇರಿಯ ಚರಂಡಿ ವಿಭಾಗದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕರ್ನಲ್ ಎಂಬ ಬಡ್ತಿ ಕೊಟ್ಟದ್ದು ನಮ್ಮ ಮನೆಯವರು. ಆ ಆದೇಶ ಇನ್ನೂ ಅವರ ಕೈ ಸೇರಿಲ್ಲ. ಇಂಥವರು ಈ ದೇಶದಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಮೊಣಕೈಗೆ ಚರ್ಮದ ತೇಪೆ ಹಾಕಿದ ಕೋಟು, ಒಂದು ಜೇಬಿನಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ವರ್ನಿಯರ್ ಕ್ಯಾಲಿಪರ್.

ಪದಕವೊಂದನ್ನು ಕೈಗೆ ಕೊಟ್ಟರೆ ನಾವು ನೀವು ರಾಣಿಯ ಮುಖ ನೋಡುತ್ತೇವೆ. ಕರ್ನಲ್ ಅಂಚು ನೋಡುತ್ತಾರೆ. ಹಳೆಯ ಬ್ರಿಟಿಷ್ ಪದಕಗಳ ಅಂಚಿನಲ್ಲಿ ಅದನ್ನು ಪಡೆದವನ ನಂಬರು, ಹುದ್ದೆ, ಹೆಸರು, ರೆಜಿಮೆಂಟು ಒತ್ತಿರುತ್ತಾರೆ. ಯಾವನೋ ಖದೀಮ ಸಾಧಾರಣ ಸಿಪಾಯಿಯ ಹೆಸರನ್ನು ಅರದಿಂದ ಉಜ್ಜಿ ಶೂರನ ಹೆಸರು ಕೆತ್ತಿಸಿದ್ದರೆ, 36 ಮಿಲಿಮೀಟರ್ ಇರಬೇಕಾದ ಬಿಲ್ಲೆ ಕೂದಲೆಳೆಯಷ್ಟು ಸವೆದಿರುತ್ತದೆ. ಕ್ಯಾಲಿಪರ್ ಇರುವುದು ಅದಕ್ಕೆ. ಎರಡನೇ ಮಹಾಯುದ್ಧದ ಪದಕ ತೋರಿಸಿದರೆ ಮಾತ್ರ ಮೂಗು ಮುರಿಯುತ್ತಾರೆ. ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕದ ಸೈನಿಕರ ಪದಕಗಳಿಗೆ ಹೆಸರು ಬಿತ್ತು. ಬ್ರಿಟನ್ ತನ್ನವರಿಗೆ ಬರಿಯ ಬಿಲ್ಲೆ ಹಂಚಿ ಕೈತೊಳೆದುಕೊಂಡಿತು. ಈ ಜಿಪುಣತನವನ್ನು ಕರ್ನಲ್ ಇವತ್ತಿಗೂ ಕ್ಷಮಿಸಿಲ್ಲ.

ಈ ಪದಕಗಳ ಸಂತೆಯ ನ್ಯಾಯವೇ ಬೇರೆ. ಯುದ್ಧ ಮುಗಿಸಿ ಮನೆ ಸೇರಿ, ಮದುವೆಯಾಗಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿ ಕಣ್ಣುಮುಚ್ಚಿದವನ ಪದಕಕ್ಕೆ ಮೂರು ಕಾಸಿನ ಬೆಲೆ. ಸತ್ತಿರಬೇಕು, ಅದೂ ಒಳ್ಳೆಯ ತಾರೀಖಿಗೆ. 1916ರ ಜುಲೈ 1, ಸೊಮ್ ಕದನದ ಮೊದಲ ದಿನ. ಅವತ್ತೊಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು. ಅವರಲ್ಲೊಬ್ಬನ ಪದಕವಾದರೆ ಬೆಲೆ ಹಲವು ಪಟ್ಟು. ಜುಲೈ 2ರಂದು ಸತ್ತವನದು ಎಂದು ಗೊತ್ತಾದರೆ ಕರ್ನಲ್ ಮುಖ ಬಾಡುತ್ತದೆ. "ಪಾಪ, ಒಂದು ದಿನ ತಡ ಮಾಡಿಕೊಂಡ" ಎನ್ನುತ್ತಾರೆ, ರೈಲು ತಪ್ಪಿಸಿಕೊಂಡವನ ವಿಷಯ ಹೇಳುವ ದನಿಯಲ್ಲಿ.

ಕ್ರಿಮಿಯಾ ಯುದ್ಧದ್ದು ಇನ್ನೂ ಸೂಕ್ಷ್ಮ. 1854ರ ಅಕ್ಟೋಬರ್ 25ರಂದು ಬಾಲಕ್ಲಾವಾದಲ್ಲಿ ಲೈಟ್ ಬ್ರಿಗೇಡಿನ ಸುಮಾರು 670 ಸವಾರರು, ಯಾರೋ ಕೊಟ್ಟ ಎಡವಟ್ಟು ಆಜ್ಞೆಯ ಮೇಲೆ, ರಷ್ಯನ್ ಫಿರಂಗಿಗಳ ಬಾಯಿಗೇ ಕುದುರೆ ನುಗ್ಗಿಸಿದರು. ಆದರೆ 'ಬಾಲಕ್ಲಾವಾ' ಎಂಬ ಲೋಹದ ಪಟ್ಟಿ ಅವರ ಪದಕಕ್ಕಷ್ಟೇ ಅಲ್ಲ, ಆ ದಿನ ಬೇರೆ ಕಡೆ ಕಾದಾಡಿದ ದಂಡುಗಳ ಪದಕಕ್ಕೂ ಸಿಕ್ಕಿತ್ತು. ಲೈಟ್ ಬ್ರಿಗೇಡಿನವನೇ ಆಗಿದ್ದರೂ ಆ ಹೊತ್ತಿಗೆ ಕುದುರೆಯ ಮೇಲಿದ್ದನೋ ಸ್ಕುಟಾರಿಯ ಆಸ್ಪತ್ರೆಯಲ್ಲಿದ್ದನೋ? ಇದನ್ನು ತಿಳಿಯಲು ಕರ್ನಲ್ ಒಂದು ಚಳಿಗಾಲ ಪೂರ್ತಿ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಹಾಜರಿ ಪುಸ್ತಕಗಳನ್ನು ತಿರುವಿದರು. ಅಲ್ಲಿ ಪೆನ್ನು ನಿಷೇಧ, ರಬ್ಬರೂ ನಿಷೇಧ, ಪೆನ್ಸಿಲ್ಲೊಂದೇ. ಕೊನೆಗೆ ಸಿಕ್ಕಿತು: ಅವರ ಪದಕದ ಸವಾರ ಅವತ್ತು ಭೇದಿ ಹತ್ತಿ ಹಾಸಿಗೆ ಹಿಡಿದಿದ್ದ. ನೂರೈವತ್ತು ವರ್ಷದ ಮೇಲಿನ ಹಳೆಯ ಆ ಭೇದಿಯಿಂದ ಕರ್ನಲ್‌ಗೆ ಸಾವಿರಾರು ಪೌಂಡ್ ನಷ್ಟ. ಮಗಳಿಗೆ ಜ್ವರ ಬಂದಾಗಲೂ ಅವರು ಅಷ್ಟು ಕಳವಳಪಟ್ಟಿರಲಿಲ್ಲ ಎಂದು ಅವರ ಹೆಂಡತಿ ನಮ್ಮ ಮನೆಯವರ ಹತ್ತಿರ ಹೇಳಿಕೊಂಡರು.

ಮೊದಲ ಮಹಾಯುದ್ಧದವರ ಕತೆ ಹುಡುಕುವುದೂ ಸಲೀಸಲ್ಲ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ಬಿದ್ದು ಯುದ್ಧ ಕಚೇರಿಯ ಉಗ್ರಾಣ ಸುಟ್ಟು, ಸಿಪಾಯಿಗಳ ಸೇವಾ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೂದಿಯಾದವು. ಹಿಟ್ಲರನ ಮೇಲೆ ಕರ್ನಲ್‌ಗಿರುವ ತಕರಾರುಗಳ ಪಟ್ಟಿಯಲ್ಲಿ ಇದು ಸಾಕಷ್ಟು ಮೇಲಿದೆ.

ಇಷ್ಟು ಕಷ್ಟಪಟ್ಟು ಕೂಡಿಸಿದ್ದನ್ನೆಲ್ಲ ಕೆಲವು ವರ್ಷಗಳ ಹಿಂದೆ ಅವರು ಒಂದೇ ಏಟಿಗೆ ಮಾರಿಬಿಟ್ಟಿದ್ದರು. ಮನೆಯ ಮಾಡು ಸೋರುತ್ತಿತ್ತು. ಪದಕವೋ ಮಾಡೋ ಎಂದು ಹೆಂಡತಿ ಕೇಳಿದರು. ಮಾಡು ಗೆದ್ದಿತು. ಆಮೇಲೆ ಒಣಗಿದ ಮನೆಯಲ್ಲಿ ಕೂತು ಕರ್ನಲ್ ಸೊರಗತೊಡಗಿದರು. ಈಗ ಅವೇ ಪದಕಗಳನ್ನು ಒಂದೊಂದಾಗಿ ಹಿಂದಕ್ಕೆ ಕೊಳ್ಳುತ್ತಿದ್ದಾರೆ. ತಮಾಷೆ ಏನೆಂದರೆ, ಮಾರುವಾಗ ಪ್ರತಿ ಪದಕದ ಜೊತೆಗೂ ತಾವು ಹುಡುಕಿ ಟೈಪು ಮಾಡಿದ ಜೀವನಚರಿತ್ರೆಯ ಕಡತವನ್ನು ಪುಕ್ಕಟೆ ಕೊಟ್ಟಿದ್ದರು. ಹರಾಜಿನವರು ಈಗ ಅದನ್ನೇ ಕ್ಯಾಟಲಾಗಿನಲ್ಲಿ ಅಚ್ಚು ಹಾಕಿ ಬೆಲೆ ಮೂರು ಪಟ್ಟು ಏರಿಸಿದ್ದಾರೆ. ಕರ್ನಲ್ ತಮ್ಮ ಬೆವರಿಗೆ ತಾವೇ ದುಡ್ಡು ಕಟ್ಟಿ, ಮೇಲೆ ಹರಾಜಿನವರ ಕಮಿಷನ್ನೂ ಕೊಟ್ಟು ಬರುತ್ತಾರೆ. "ಆದರೆ ಬರವಣಿಗೆ ಚೆನ್ನಾಗಿದೆ" ಎಂದು ಕ್ಯಾಟಲಾಗನ್ನು ನನಗೆ ಓದಿ ತೋರಿಸುತ್ತಾರೆ.

ಪಾಲಾದ ಪದಕಗಳನ್ನು ಒಂದುಗೂಡಿಸುವುದು ಇನ್ನೊಂದು ಗೋಳು. ಮೊದಲ ಮಹಾಯುದ್ಧಕ್ಕೆ ಬೇಗ ಹೋದವನಿಗೆ ಸಾಮಾನ್ಯವಾಗಿ ಮೂರು ಸಿಗುತ್ತಿದ್ದವು: ಒಂದು ನಕ್ಷತ್ರ, ಒಂದು ಬೆಳ್ಳಿಯ ಯುದ್ಧಪದಕ, ಒಂದು ಕಂಚಿನ ವಿಜಯಪದಕ. ಡೈಲಿ ಮಿರರ್ ಪತ್ರಿಕೆಯ ವ್ಯಂಗ್ಯಚಿತ್ರದಲ್ಲಿದ್ದ ನಾಯಿ, ಪೆಂಗ್ವಿನ್, ಮೊಲಗಳ ಹೆಸರಿನಲ್ಲಿ ಜನ ಇವನ್ನು ಪಿಪ್, ಸ್ಕ್ವೀಕ್, ವಿಲ್ಫ್ರೆಡ್ ಎಂದು ಕರೆದರು. ಅಪ್ಪ ಸತ್ತ ಮೇಲೆ ಮೂವರು ಮಕ್ಕಳು, ನಮ್ಮಲ್ಲಿ ಅಡಿಕೆ ತೋಟ ಹರಿದು ಹಂಚಿಕೊಂಡ ಹಾಗೆ, ತಲೆಗೊಂದು ಎತ್ತಿಕೊಂಡಿರುತ್ತಾರೆ. 1980ರ ಸುಮಾರಿಗೆ ಬೆಳ್ಳಿಯ ಧಾರಣೆ ಗಗನಕ್ಕೇರಿದಾಗ ಎಷ್ಟೋ ಬೆಳ್ಳಿಪದಕಗಳು ಅಕ್ಕಸಾಲಿಗರ ಮೂಸೆ ಸೇರಿದವು. ಹಾಗಾಗಿ ಕರ್ನಲ್ ಹತ್ತಿರ ನಾಯಿ ಇದೆ, ಮೊಲ ಇದೆ. ನಡುವಿನ ಪೆಂಗ್ವಿನ್ ಬದುಕಿದೆಯೋ ಕರಗಿತೋ ಹೇಳುವವರಿಲ್ಲ.

ಕಳೆದ ಬೇಸಿಗೆ ಮೈಸೂರಿನಿಂದ ಅಮ್ಮ ಬಂದಿದ್ದಾಗ ಕರ್ನಲ್ ಪದಕದ ತಟ್ಟೆ ಹೊತ್ತುಕೊಂಡೇ ಬಂದರು. ಮೈಸೂರು ಎಂದೊಡನೆ "ಸೆರಿಂಗಪಟಮ್, 1799!" ಎಂದು ಕಣ್ಣರಳಿಸಿ, ಶ್ರೀರಂಗಪಟ್ಟಣ ಬಿದ್ದದ್ದಕ್ಕೆ ಕಂಪನಿಯವರು ಕೊಟ್ಟ ಪದಕದ ಚಿತ್ರ ತೋರಿಸಿದರು: ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯದು, ಟಿಪ್ಪುವಿನ ಹುಲಿಯನ್ನು ಬ್ರಿಟಿಷ್ ಸಿಂಹ ಕೆಡವಿಕೊಂಡಿದೆ. ಜನರಲ್‌ಗಳಿಗೆ ಚಿನ್ನ, ಕೆಳಗಿನ ಅಧಿಕಾರಿಗಳಿಗೆ ಬೆಳ್ಳಿ, ಸಿಪಾಯಿಗಳಿಗೆ ತವರ.

"ಗೋಡೆ ಹತ್ತಿದವನಿಗೆ ತವರ, ಡೇರೆಲಿ ಕೂತವನಿಗೆ ಚಿನ್ನಾನಾ?" ಎಂದರು ಅಮ್ಮ. ನಾನು ಅನುವಾದಿಸಿದೆ. ಕರ್ನಲ್ ಗಂಭೀರವಾಗಿ ತಲೆದೂಗಿದರು. "ಅದಕ್ಕಿಂತ ದೊಡ್ಡ ಅನ್ಯಾಯ ಆಗಿದೆ. ಅಂಚಿನಲ್ಲಿ ಹೆಸರು ಹಾಕಲಿಲ್ಲ."

ಅಮ್ಮನ ಕಣ್ಣು ಅಷ್ಟರಲ್ಲಿ ತಟ್ಟೆಯ ಮೇಲೆ ಬಿದ್ದಿತ್ತು. "ಬೆಳ್ಳಿ ಎಷ್ಟು ಕಪ್ಪಿಟ್ಟಿದೆ ನೋಡೋ. ಪಾಪ, ಮಾಡೋರಿಲ್ಲವೇನೋ. ವಿಭೂತಿ ಹಾಕಿ ಉಜ್ಜಿ ಕೊಡ್ತೀನಿ, ಕೇಳು." ಆ ಕಪ್ಪೇ ಪದಕದ ವಯಸ್ಸಿಗೆ ಸಾಕ್ಷಿ, ಉಜ್ಜಿದರೆ ಬೆಲೆ ಅರ್ಧ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಒಂದನ್ನು ಎತ್ತಿ ಸೆರಗಿನಲ್ಲಿ ಒರೆಸತೊಡಗಿದರು. ಕರ್ನಲ್ ಬಾಯಿಂದ ಹೊರಟ ಸದ್ದನ್ನು ಕೇಳಿ ಪಕ್ಕದ ಮನೆಯ ನಾಯಿ ಬೊಗಳಿತು. ಮುಂದಿನ ಸಲ ಅವರು ಬಂದಾಗ ಪದಕಗಳು ಗಾಜಿನ ಪೆಟ್ಟಿಗೆಯಲ್ಲಿದ್ದವು, ಅದಕ್ಕೆ ಬೀಗ ಬೇರೆ.

"ಇದರಲ್ಲಿ ಅವರ ತಾತಂದು ಯಾವುದು?" ಎಂದು ಅಮ್ಮ ಆಮೇಲೊಮ್ಮೆ ಕೇಳಿದರು. ಯಾವುದೂ ಅಲ್ಲ. ತಾತ ಮೊದಲ ಮಹಾಯುದ್ಧದುದ್ದಕ್ಕೂ ಆಲ್ಡರ್‌ಶಾಟ್ ದಂಡಿನಲ್ಲಿ ಬ್ರೆಡ್ ಸುಡುತ್ತಿದ್ದರು. ಕಡಲು ದಾಟದವರಿಗೆ ಪದಕವಿರಲಿಲ್ಲ.

ಕರ್ನಲ್ ಅಂದು ಮಾರಿದ್ದರಲ್ಲಿ ಮುಖ್ಯವಾದ ಪದಕ ಈಗ ಯಾರ್ಕ್‌ಶೈರಿನ ಒಬ್ಬ ಸಂಗ್ರಾಹಕರ ಬಳಿ ಇದೆ. ಎಷ್ಟು ಕೊಟ್ಟರೂ ಮಾರುವುದಿಲ್ಲವಂತೆ. ಆತನಿಗೆ ಎಂಬತ್ತರ ಹತ್ತಿರ, ಮಕ್ಕಳಿಗೆ ಇದರಲ್ಲಿ ಆಸಕ್ತಿ ಇಲ್ಲ. ಇಷ್ಟನ್ನು ಕರ್ನಲ್ ಪತ್ತೆ ಮಾಡಿದ್ದಾರೆ. ಪ್ರತಿ ಕ್ರಿಸ್‌ಮಸ್‌ಗೂ ತಪ್ಪದೆ ಕಾರ್ಡು ಹಾಕಿ, ಕೆಮ್ಮು ಹೇಗಿದೆ ಎಂದು ವಿಚಾರಿಸುತ್ತಾರೆ. ಯಾರ್ಕ್‌ಶೈರಿನವರೂ ತಪ್ಪದೆ ಉತ್ತರ ಬರೆಯುತ್ತಾರೆ: ಕೆಮ್ಮು ಪೂರ್ತಿ ವಾಸಿಯಾಗಿದೆ, ತಮ್ಮ ರಕ್ತದೊತ್ತಡ ಹೇಗಿದೆ, ಮತ್ತು ತಮ್ಮ ಹತ್ತಿರವಿರುವ ಆ ನಾಯಿ, ಮೊಲ ಕ್ಷೇಮವೇ?