ರೋಗಿಯಿಲ್ಲದ ವಾರ್ಡು

ವಿಜಯಪುರದವರು ಸಮುದ್ರ ನೋಡಬೇಕೆಂದರೆ ಒಂದು ರಾತ್ರಿಯಿಡೀ ಬಸ್ಸಿನಲ್ಲಿ ಸೊಂಟ ಸವೆಸಬೇಕು. ಅದರ ಬದಲು ಸಮುದ್ರವನ್ನೇ ಮನೆಗೆ ಕರೆಸೋಣ ಎಂದು ನಾನು ಹೊರಟೆ. ಪೂರ್ತಿ ಸಮುದ್ರವಲ್ಲ, ಅದರ ಆಸ್ಪತ್ರೆ ಮಾತ್ರ. ಉಪ್ಪುನೀರಿನ ಮೀನು ಸಾಕುವ ಜಾಣರು ಹೊಸ ಮೀನನ್ನು ಸೀದಾ ದೊಡ್ಡ ತೊಟ್ಟಿಗೆ ಬಿಡುವುದಿಲ್ಲ. ಕೆಲವು ವಾರ ಬೇರೆ ಇಟ್ಟು ಕ್ವಾರಂಟೈನ್ ಮಾಡುತ್ತಾರೆ. ಬಿಳಿ ಚುಕ್ಕೆ ಎಬ್ಬಿಸುವ ಪರಾವಲಂಬಿ ಒಂದು ಮೀನಿನ ಬೆನ್ನೇರಿ ಬಂದರೂ ಉಳಿದವಕ್ಕೆಲ್ಲ ಕುತ್ತು. ನನ್ನ ಬಳಿ ದೊಡ್ಡ ತೊಟ್ಟಿಯಿರಲಿಲ್ಲ, ಮೀನೂ ಇರಲಿಲ್ಲ. ಊರು ಹುಟ್ಟುವ ಮೊದಲೇ ಆಸ್ಪತ್ರೆ ಕಟ್ಟಿಸಿದ ದೂರದೃಷ್ಟಿ ನನ್ನದು.

ನೂರು ಲೀಟರಿನ ಗಾಜಿನ ತೊಟ್ಟಿ ಪಡಸಾಲೆಗೆ ಬಂತು. ಔಷಧ ಹೀರಬಾರದೆಂದು ಒಳಗೆ ಮರಳಿಲ್ಲ, ಕಲ್ಲಿಲ್ಲ. ಗುಳ್ಳೆ ಬಿಡುವ ಸ್ಪಾಂಜ್ ಫಿಲ್ಟರ್, ಮೀನು ಅಡಗಲೆಂದು ನಾಲ್ಕಾರು ಪಿವಿಸಿ ಪೈಪಿನ ತುಂಡು, ಅಷ್ಟೆ. ಬಂದವರು ಪ್ಲಂಬರ್ ಕೆಲಸ ಅರ್ಧಕ್ಕೆ ಬಿಟ್ಟುಹೋಗಿದ್ದಾನೆಂದು ಮರುಗಿದರು.

ಇನ್ನು ನೀರು. ನಮ್ಮ ಬೋರಿನ ನೀರಲ್ಲಿ ಉಪ್ಪಿನಂಶ ಹೆಚ್ಚು, ಆದರೆ ಅದು ಸಮುದ್ರದ ಉಪ್ಪಲ್ಲ. ಆದ್ದರಿಂದ ಶುದ್ಧ ನೀರಿನ ಘಟಕದಿಂದ ಉಪ್ಪು ತೆಗೆದ ನೀರನ್ನು ರೊಕ್ಕ ಕೊಟ್ಟು ಹೊತ್ತು ತಂದೆ. ಆಮೇಲೆ ಮತ್ತೆ ರೊಕ್ಕ ಕೊಟ್ಟು ತರಿಸಿದ ಸಮುದ್ರದ ಉಪ್ಪನ್ನು ಲೀಟರಿಗೆ 35 ಗ್ರಾಂನಂತೆ, ಒಟ್ಟು ಮೂರೂವರೆ ಕಿಲೋ ಸುರಿದೆ. ಹೈಡ್ರೋಮೀಟರ್ 1.025 ತೋರಿಸಿದಾಗ ನನಗೆ ರೋಮಾಂಚನ. ಆದಿಲ್‌ಶಾಹಿಗಳು ತೊರವಿಯಿಂದ ನೆಲದೊಳಗೆ ಕಾಲುವೆ ತೋಡಿ ಸಿಹಿನೀರು ತಂದರು, 1620ರಲ್ಲಿ ತಾಜ್ ಬಾವಡಿ ಕಟ್ಟಿದರು. ಬಂದ ನೀರಿಗೆ ಉಪ್ಪು ಬೆರೆಸುವ ಐಡಿಯಾ ಮಾತ್ರ ಯಾವ ಸುಲ್ತಾನನಿಗೂ ಹೊಳೆಯಲಿಲ್ಲ.

"ರೀ, ಟಿಕೋಟಾದಾಗ ನಮ್ಮಪ್ಪ ದ್ರಾಕ್ಷಿ ಉಳಿಸ್ಲಾಕ ಟ್ಯಾಂಕರ್ ನೀರ ತರ್ಸ್ಯಾನ. ನೀವು ಕುಡ್ಯೂ ನೀರಿಗೆ ಉಪ್ಪ ಹಾಕಿ ಕೆಡಿಸೀರಿ" ಎಂದಳು ಹೆಂಡತಿ. ಇದಕ್ಕೆ ವಿಜ್ಞಾನದಲ್ಲಿ ಉತ್ತರವಿರಲಿಲ್ಲ.

ವಿಜ್ಞಾನ ಬೇರೆ ಕಡೆ ಇತ್ತು. ಮೀನಿನ ಹೊಲಸಿನಿಂದ ಅಮೋನಿಯಾ ಆಗುತ್ತದೆ, ಅದು ವಿಷ. ಅದನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಅಷ್ಟೇನೂ ಕೆಡಕಲ್ಲದ ನೈಟ್ರೇಟ್ ಮಾಡುತ್ತದೆ. ಈ ಎರಡೂ ಜಾತಿ ಸ್ಪಾಂಜಿನಲ್ಲಿ ಸಂಸಾರ ಹೂಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಳೆಯ ತೊಟ್ಟಿಯ ಸ್ಪಾಂಜ್ ಸಿಕ್ಕರೆ ಬೇಗ ಆದೀತು. ಸಿಗಲು ಊರಲ್ಲಿ ಇನ್ನೊಬ್ಬ ಹುಚ್ಚನಿರಬೇಕಲ್ಲ. ಅಲ್ಲಿಯವರೆಗೆ ಕಣ್ಣಿಗೆ ಕಾಣದ ಈ ಬಳಗಕ್ಕೆ ನಾವೇ ಉಣ್ಣಲಿಕ್ಕೆ ಹಾಕಬೇಕು. ಸುಲಭದ ದಾರಿಯೆಂದರೆ ಒಂದು ಹಸಿ ಸಿಗಡಿ ನೀರಿಗೆ ಹಾಕಿ ಕೊಳೆಯಲು ಬಿಡುವುದು.

ನಮ್ಮದು ಕೋಳಿಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಸಿಗಡಿಯನ್ನು ಔಷಧದ ಪೊಟ್ಟಣದಂತೆ ಕಟ್ಟಿಕೊಂಡು ಬಂದು, ಎಲ್ಲರೂ ಮಲಗಿದ ಮೇಲೆ ಪೈಪಿನೊಳಗೆ ತುರುಕಿದೆ. ಮೇ ತಿಂಗಳು, ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಮಧ್ಯಾಹ್ನ ಕರೆಂಟ್ ಹೋಯಿತು, ಗುಳ್ಳೆ ನಿಂತವು. ಸಿಗಡಿ ತನ್ನ ಇರುವಿಕೆಯನ್ನು ಓಣಿಗೆಲ್ಲ ಸಾರಿತು. ಅವ್ವ ಇಲಿ ಸತ್ತಿದೆಯೆಂದು ಕಪಾಟು ಸರಿಸಿದಳು. ನಾನೂ ಸೇರಿ ಸರಿಸಿದೆ. ಸಿಕ್ಕಿಬಿದ್ದದ್ದು ಸಂಜೆ. ಸಿಗಡಿಗೂ ನನಗೂ ಒಟ್ಟಿಗೇ ಅಂಗಳದ ದಾರಿ ತೋರಿಸಲಾಯಿತು. ಮುಂದೆ ಕಲಾಯಿಯವರು ಬಳಸುವ ನವಸಾಗರದ ಅಣ್ಣ, ಶುದ್ಧ ಅಮೋನಿಯಂ ಕ್ಲೋರೈಡ್ ತಂದು, ಸಸ್ಯಾಹಾರಿ ಪದ್ಧತಿಯಲ್ಲೇ ಬ್ಯಾಕ್ಟೀರಿಯಾ ಸಾಕಿದೆ.

ನೀರು ಕಾಯಬಾರದೆಂದು ಫ್ಯಾನ್ ತೊಟ್ಟಿಯ ಕಡೆ ತಿರುಗಿತು, ನಾವು ಬೆವರಿದೆವು. ಗಾಳಿಗೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ದಿನವೂ ಸಿಹಿನೀರು ತುಂಬಿ ಸಮುದ್ರವನ್ನು ಹದಕ್ಕೆ ತರುವ ಚಾಕರಿ ಬೇರೆ. ಕೊನೆಗೊಂದು ಬೆಳಿಗ್ಗೆ ಪರೀಕ್ಷೆಯ ಕೊಳವೆ ಹಸಿರು ಬಿಟ್ಟು ಹಳದಿಯಾಯಿತು. ಅಮೋನಿಯಾ ಸೊನ್ನೆ! ನೈಟ್ರೈಟೂ ಸೊನ್ನೆ! ಮನೆಮಂದಿಯನ್ನೆಲ್ಲ ಕೂಗಿ ಕರೆದೆ. ಎಲ್ಲರೂ ಖಾಲಿ ತೊಟ್ಟಿಯ ಸುತ್ತ ನಿಂತರು.

"ಏನೂ ಇಲ್ಲ ಅಂತ ತಿಳೀಲಾಕ ಇಷ್ಟ ಖರ್ಚಾ?" ಎಂದಳು ಹೆಂಡತಿ.

ಸುದ್ದಿ ಟಿಕೋಟಾ ಮುಟ್ಟಿ, ಬಬಲೇಶ್ವರದ ಬೀಗರನ್ನೂ ಕರಕೊಂಡು ಮಾವ ಬಂದರು. ದ್ರಾಕ್ಷಿಯನ್ನು ಪೊಟ್ಯಾಷಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ, ನೆರಳಿನ ರ‍್ಯಾಕಿನಲ್ಲಿ ವಾರಗಟ್ಟಲೆ ಕಾದು ಮಣೂಕ ಮಾಡುವವರು. ರಸಾಯನ, ತಾಳ್ಮೆ ಎರಡೂ ಅವರಿಗೆ ಹೊಸದಲ್ಲ. ನನ್ನ ಮಾತನ್ನು ಪೂರ್ತಿ ಕೇಳಿದ ಮೊದಲ ಮನುಷ್ಯ ಅವರೇ.

"ಮೀನಿಗೆ ರೋಗ ಬಂದ್ರ ಏನ್ ಹಾಕ್ತೀರಿ ಅಳ್ಯಾರ?"

"ತಾಮ್ರದ ಔಷಧ, ಮಾವಾರ."

ಮಾವನ ಮುಖ ಅರಳಿತು. "ಮೈಲುತುತ್ತ ಅನ್ರಿ! ಡೌನಿ ಬಂದ್ರ ನಾವೂ ಸುಣ್ಣ ಕೂಡಿಸಿ ಬೋರ್ಡೋ ಮಾಡಿ ಅದನ್ನ ಹೊಡೀತೀವಿ" ಎಂದು ಚೀಲದಿಂದ ಒಂದು ಕಿಲೋದ ಪೊಟ್ಟಣ ತೆಗೆದು ಮುಂದಿಟ್ಟರು.

ನಾನು ಪೆನ್ನು ಹಿಡಿದೆ. ಲೀಟರಿಗೆ ಸುಮಾರು 0.2 ಮಿಲಿಗ್ರಾಂ ತಾಮ್ರ; ನೂರು ಲೀಟರಿಗೆ 20 ಮಿಲಿಗ್ರಾಂ; ಮೈಲುತುತ್ತದ ಕಾಲುಭಾಗವಷ್ಟೇ ತಾಮ್ರ, ಅಂದರೆ 80 ಮಿಲಿಗ್ರಾಂ. "ಮಾವಾರ, ಈ ಪೊಟ್ಟಣ 12,500 ತೊಟ್ಟಿಗೆ ಸಾಕಾಗ್ತೈತ್ರಿ."

ಮಾವ ಪೈಪಿನ ತುಂಡುಗಳನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿದರು.

"ಇರ್ಲಿ, ಇಟ್ಕೋರಿ. ನಿಮ್ಮ ಚಟಾ ನೋಡಿದ್ರ ಅಷ್ಟ ತೊಟ್ಟಿ ಆಗಾಕ ಭಾಳ ದಿನಾ ಬೇಕಾಗಂಗಿಲ್ಲ."