ರಾಹುಕಾಲ ರದ್ದಾಗಿದೆ

ನಮ್ಮ ಅಡುಗೆಮನೆ ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಕ್ಯಾಲೆಂಡರ್ ನೇತಾಡುತ್ತದೆ. ಅದರಲ್ಲಿ ಹಾಲಿನ ಲೆಕ್ಕವಿದೆ, ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಕಿದೆ, ಏಕಾದಶಿಗೆ ಅಮ್ಮ ಸುತ್ತಿದ ಸೊನ್ನೆಯಿದೆ. ಇಷ್ಟು ವರ್ಷದಲ್ಲಿ ಅದು ತಾನಾಗಿ ಯಾರಿಗೂ ಏನನ್ನೂ ಹೇಳಿದ್ದಿಲ್ಲ. ಬೇಕಾದವರು ಹತ್ತಿರ ಹೋಗಿ, ಕನ್ನಡಕ ಏರಿಸಿ ಓದಿಕೊಳ್ಳಬೇಕು. ಅಂಥ ಮರ್ಯಾದಸ್ಥ ಕ್ಯಾಲೆಂಡರ್ ಮನೆಯಲ್ಲಿರುವಾಗ ನಾನು ಮಾತಾಡುವ ಕ್ಯಾಲೆಂಡರಿನ ಸಹವಾಸಕ್ಕೆ ಬಿದ್ದೆ.

ಬೀಳಲು ಕಾರಣ ಮೀಟಿಂಗು. ನಾನಿರುವುದು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಹುಡುಗರು ಕಟ್ಟಿದ ಆ್ಯಪನ್ನು ಹೇಗೆ ಬಳಸಬೇಕೆಂದು ಸಾಮಾನ್ಯ ಜನಕ್ಕೆ ತಿಳಿಯುವಂತೆ ಬರೆದುಕೊಡುವುದು ನನ್ನ ಕೆಲಸ. (ಈ ಮಾತು ನೆನಪಿರಲಿ, ಮುಂದೆ ನಗುವುದಕ್ಕೆ ಬೇಕಾಗುತ್ತದೆ.) ವಯಸ್ಸು 52. ಮೀಟಿಂಗಿಗೆ ಸರಿಯಾದ ಹೊತ್ತಿಗೆ ಹಾಜರಾದ ದಾಖಲೆ ಇಲ್ಲ. ನಾನು ಏದುಸಿರು ಬಿಡುತ್ತ ಓಡುವುದನ್ನು ದಿನಾ ನೋಡಿ ಪಕ್ಕದ ಸೀಟಿನ ಹುಡುಗನಿಗೆ ಕನಿಕರ ಹುಟ್ಟಿತು.

"ಸರ್, ನಿಮ್ಮ ಗೂಗಲ್ ಕ್ಯಾಲೆಂಡರ್‌ನ ಸ್ಲ್ಯಾಕ್‌ಗೆ ಕನೆಕ್ಟ್ ಮಾಡ್ಬಿಡಿ. ಎರಡೇ ನಿಮಿಷದ ಕೆಲಸ. ಮೀಟಿಂಗ್ ಶುರುವಾಗೋಕ್ ಮುಂಚೆ ಅದೇ ಕರೆಯುತ್ತೆ."

ಸ್ಲ್ಯಾಕ್ ಗೊತ್ತಿಲ್ಲದ ಪುಣ್ಯವಂತರು ಅದನ್ನು ಆಫೀಸಿನ ವಾಟ್ಸ್‌ಆ್ಯಪ್ ಅಂದುಕೊಳ್ಳಬಹುದು. ಬೆಳಿಗ್ಗೆ ಎದ್ದರೆ ಶುಭೋದಯದ ಗುಲಾಬಿಯ ಬದಲು ಕೆಲಸ ಬಂದು ಕೂತಿರುತ್ತದೆ. ಕೆನಡಾದ ಸ್ಟೂವರ್ಟ್ ಬಟರ್‌ಫೀಲ್ಡ್ ಮತ್ತವರ ಗೆಳೆಯರು ಗ್ಲಿಚ್ ಎಂಬ ಆನ್‌ಲೈನ್ ಆಟ ಕಟ್ಟಿದ್ದರು. ಆಟ ಓಡದೆ 2012ರಲ್ಲಿ ಮುಚ್ಚಿತು. ಕಟ್ಟುವಾಗ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಮಾಡಿಕೊಂಡಿದ್ದ ಸಾಧನ ಉಳಿಯಿತು, ಅದೇ 2013ರಲ್ಲಿ ಸ್ಲ್ಯಾಕ್ ಆಗಿ ಹೊರಬಂತು. ಆ ಹೆಸರನ್ನು ಬಿಡಿಸಿದರೆ 'ಎಲ್ಲ ಮಾತುಕತೆ ಮತ್ತು ತಿಳಿವಳಿಕೆಯ, ಹುಡುಕಿ ತೆಗೆಯಬಹುದಾದ ದಾಖಲೆ' ಎಂದಾಗುತ್ತದಂತೆ. ಎಲ್ಲ ಅಂದರೆ ಎಲ್ಲವೂ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಇನ್ನು ನನ್ನ ಕ್ಯಾಲೆಂಡರಿನ ವಿಷಯ. ಒಂದಲ್ಲ, ಎರಡಿವೆ. ಆಫೀಸಿನದರಲ್ಲಿ ಸ್ವಲ್ಪ ಸಾಹಿತ್ಯ ಇರುತ್ತದೆ. ಗೂಗಲ್‌ನವರು 2021ರಲ್ಲಿ 'ಫೋಕಸ್ ಟೈಮ್' ಅಂತ ಒಂದು ಸೌಲಭ್ಯ ಕೊಟ್ಟರು, ಅಂದರೆ ಈ ಹೊತ್ತಿನಲ್ಲಿ ನಾನು ಏಕಾಗ್ರತೆಯಿಂದ ಕೆಲಸದಲ್ಲಿರುತ್ತೇನೆ, ಯಾರೂ ಕರೆಯಬೇಡಿ ಎಂದು ಹಾಕಿಕೊಳ್ಳುವ ಬೋರ್ಡು. ಮನೆಯಿಂದ ಕೆಲಸ ಮಾಡುವ ಸೋಮವಾರ ಮತ್ತು ಬುಧವಾರ ಮಧ್ಯಾಹ್ನ 2:15ರಿಂದ 3ರವರೆಗೆ ನಾನು ತಪ್ಪದೆ ಆ ಬೋರ್ಡು ಹಾಕುತ್ತೇನೆ. ಮಗ ಮಾಡಿಕೊಟ್ಟ ಇನ್ನೊಂದು ಕ್ಯಾಲೆಂಡರ್ ಸಂಸಾರದ್ದು, ಹೆಸರು 'ಹೋಮ್'. ಅದರಲ್ಲಿ ಮುಚ್ಚುಮರೆ ಇಲ್ಲ. ಅದೇ 2:15ರ ಮನೆಯಲ್ಲಿ 'ಮಲಗುವುದು, ಫೋನ್ ಸೈಲೆಂಟ್' ಎಂದಿದೆ. ದಿನಾ ಬೆಳಿಗ್ಗೆ 6ಕ್ಕೆ 'ವಾಕಿಂಗ್, ಇವತ್ತಿನಿಂದ ಖಂಡಿತ' ಎಂದಿದೆ. ಪ್ರತಿದಿನ ಮರುಕಳಿಸುವಂತೆ ಹಾಕಿರುವುದರಿಂದ ಮೂರು ವರ್ಷದಿಂದಲೂ ಅದು ಇವತ್ತಿನಿಂದಲೇ.

ರಾಹುಕಾಲವೂ ಅದರಲ್ಲೇ ಇತ್ತು. ಅಮ್ಮನಿಗೆ ಒಂಟಿಕೊಪ್ಪಲ್ ಪಂಚಾಂಗದ ಸಣ್ಣ ಅಕ್ಷರ ಈಗ ಕಾಣುವುದಿಲ್ಲವೆಂದು ಮೊಮ್ಮಗ ವಾರದ ಏಳೂ ದಿನದ ರಾಹುಕಾಲವನ್ನು ತುಂಬಿ, ಅಜ್ಜಿಯ ಫೋನಿಗೂ ಹೋಗುವ ಹಾಗೆ ಮಾಡಿದ್ದ. ಹಗಲನ್ನು ಎಂಟು ಪಾಲು ಮಾಡಿ, ದಿನಕ್ಕೊಂದು ಪಾಲನ್ನು ಯಾರೂ ಮುಟ್ಟದಂತೆ ಕಾದಿರಿಸಿಕೊಂಡ ರಾಹುವೇ ಫೋಕಸ್ ಟೈಮಿನ ಮೂಲಪುರುಷ ಎಂಬುದು ನನ್ನ ಸಂಶೋಧನೆ. ನಮ್ಮ ವಾರದ ದೊಡ್ಡ ಮೀಟಿಂಗ್ ಶುಕ್ರವಾರ ಹತ್ತೂವರೆಗೆ, ಸರಿಯಾಗಿ ರಾಹು ಕೂರುವ ಹೊತ್ತಿಗೆ. ನನಗೆ ಇಷ್ಟು ವರ್ಷ ಬಡ್ತಿ ಸಿಗದ್ದಕ್ಕೆ ಅಮ್ಮ ಕೊಡುವ ಕಾರಣ ಇದೊಂದೇ.

ಭಾನುವಾರ ರಾತ್ರಿ ಊಟ ಮುಗಿಸಿ ಜೋಡಣೆಗೆ ಕೂತೆ. ಇಂಥಿಂಥದನ್ನೆಲ್ಲ ನೋಡಲು, ತಿದ್ದಲು ಒಪ್ಪಿಗೆ ಕೊಡಿ ಎಂದು ಒಂದು ಉದ್ದದ ಪಟ್ಟಿ ಬಂತು. ಮನೆ ಸಾಲದ ಕಾಗದಕ್ಕೆ ಬ್ಯಾಂಕಿನವರು ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕಿದವನು ನಾನು, ಇದಕ್ಕೆ ಅಂಜುವೆನೆ? ಒಪ್ಪಿದೆ. ಅಲ್ಲಿ ಎರಡು ಬಗೆಯ ಜೋಡಣೆ ಇತ್ತು. ಒಂದು ನನಗೊಬ್ಬನಿಗೇ ಗುಟ್ಟಾಗಿ ನೆನಪಿಸುವಂಥದ್ದು. ಇನ್ನೊಂದು ಇಡೀ ಟೀಮಿನ ಚಾನೆಲ್ಲಿನಲ್ಲಿ ಸಾರುವಂಥದ್ದು. ಟೀಮ್ ಎಂಬ ಮಾತು ಆಫೀಸಿನದಾಗಿ ಕಂಡಿದ್ದರಿಂದ ಎರಡನೆಯದನ್ನು ಆರಿಸಿದೆ. ಯಾವ ಕ್ಯಾಲೆಂಡರ್ ಎಂದು ಕೇಳಿತು. ನಾವು ನೋಡಿಕೊಳ್ಳುವುದು ಆ್ಯಪಿನ ಹೋಮ್ ಪೇಜನ್ನಾದ್ದರಿಂದ ನಮ್ಮ ಟೀಮಿನ ಕ್ಯಾಲೆಂಡರಿಗೂ 'ಹೋಮ್' ಎಂದೇ ಹೆಸರು. ಪಟ್ಟಿಯಲ್ಲಿ ಎರಡು ಹೋಮ್ ಒಂದರ ಕೆಳಗೊಂದು ಇದ್ದವು. ಕನ್ನಡಕ ಟಿವಿ ಮುಂದಿತ್ತು. ಮೇಲಿನದನ್ನು ಒತ್ತಿದೆ. ಹುಡುಗ ಸುಳ್ಳು ಹೇಳಿರಲಿಲ್ಲ, ಎರಡೇ ನಿಮಿಷ ಹಿಡಿಯಿತು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, 43 ಜನರಿರುವ ಚಾನೆಲ್ಲಿನಲ್ಲಿ, ವಾರದ ಕಾರ್ಯಕ್ರಮ ಬಿದ್ದಿತ್ತು. ಸೋಮವಾರ ಹಾಲಿನ ಬಾಕಿ 1,840 ರೂಪಾಯಿ, ಮತ್ತೆ ಕೇಳಿಸಿಕೊಳ್ಳಬಾರದು. ಸೋಮವಾರ ಮತ್ತು ಬುಧವಾರ ಮಲಗುವುದು. ಶನಿವಾರ ತಲೆಗೆ ಡೈ, ಮೀಸೆಗೂ. ಏಳು ದಿನಕ್ಕೆ ಏಳು ವಾಕಿಂಗ್, ಏಳು ರಾಹುಕಾಲ. ನಡುವೆ ಗುರುವಾರದ ಮುಂದೆ: 'ಭಾವನ ಮಗನ ಮುಂಜಿ, ಶಿವಮೊಗ್ಗ. ಆಫೀಸಿಗೆ: ಜ್ವರ.'

ಎದೆ ಧಸಕ್ಕೆಂದಿತು. ಆದರೆ ಒಂದು ಸಮಾಧಾನ. ಬರೆದದ್ದೆಲ್ಲ ಕನ್ನಡದಲ್ಲಿ. ನಮ್ಮ ಮ್ಯಾನೇಜರ್ ಮೇಡಂ ಲಖನೌದವರು, ಟೀಮಿನ ಮುಕ್ಕಾಲು ಪಾಲು ಹೊರಗಿನವರು. ಕನ್ನಡ ಬರುವವರು ನಾಲ್ಕೈದು ಜನ, ಅವರ ಬಾಯಿಗೆ ಮಸಾಲೆ ದೋಸೆ ತುರುಕಿದರಾಯಿತು.

ಆಮೇಲೆ ನೆನಪಾಯಿತು. ನವೆಂಬರ್‌ನಲ್ಲಿ ರಾಜ್ಯೋತ್ಸವದ ಉತ್ಸಾಹದಲ್ಲಿ, ಹೊರಗಿನಿಂದ ಬಂದವರಿಗೆ ಕನ್ನಡ ಓದಲು ಕಲಿಸುತ್ತೇನೆಂದು ಎದ್ದು ನಿಂತವನು ನಾನೇ. ಆರು ತಿಂಗಳು ಪ್ರತಿ ಗುರುವಾರ ಊಟದ ಬಿಡುವಿನಲ್ಲಿ ಪಾಠ ಮಾಡಿದ್ದೆ. ಮೊದಲ ಬೆಂಚಿನ ವಿದ್ಯಾರ್ಥಿನಿ ಮೇಡಂ. ವಕಾರದ ಒತ್ತಿನ ದಿನ ಬೋರ್ಡಿನ ಮೇಲೆ ಸ್ವರ, ಈಶ್ವರ ಬರೆದು, ಮೂರನೆಯದಾಗಿ ಏನು ಬರೆದಿದ್ದೆ ಎಂದು ನಿಮಗೆ ಬೇರೆ ಹೇಳಬೇಕಿಲ್ಲ.

9:12ಕ್ಕೆ ಚಾನೆಲ್ಲಿನಲ್ಲಿ ಮೇಡಂ ಬರೆದರು: "ಜ್ವ ರ. ಫೀವರ್. ಸರಿನಾ ಮೇಷ್ಟ್ರೇ?"

ಕೆಳಗೆ ಥರ್ಮಾಮೀಟರಿನ ಚಿತ್ರ ಹನ್ನೊಂದು, ಕೈಮುಗಿದ ಚಿತ್ರ ಆರು. ಯಾರೋ ಒಬ್ಬರು ಮೀಸೆಯ ಚಿತ್ರವನ್ನೂ ಎಲ್ಲಿಂದಲೋ ಹುಡುಕಿ ತಂದಿದ್ದರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಜೋಡಣೆ ಕಿತ್ತುಹಾಕಿ, ಸಾರಿ ಹೇಳಿ, ನಕ್ಕು ಮುಗಿಸುವ ವಿಷಯ. ಆದರೆ ಗಾಬರಿಯಲ್ಲಿ ನನಗೆ ತೋಚಿದ್ದು, ಕ್ಯಾಲೆಂಡರಿನೊಳಗೆ ಹೋಗಿ ಮೂಲವನ್ನೇ ಅಳಿಸಿಬಿಟ್ಟರೆ ಚಾನೆಲ್ಲಿನದೂ ಅಳಿಯುತ್ತದೆ ಎಂದು. ಮುಂಜಿಯನ್ನು ಅಳಿಸಿದೆ. ಅತಿಥಿಗಳಿಗೆ ತಿಳಿಸಲೇ ಎಂದು ಕೇಳಿತು. ಓದದೆ 'ಕಳಿಸು' ಒತ್ತಿದೆ. ರಾಹುಕಾಲವನ್ನು ಒತ್ತಿದರೆ, ಇದೊಂದನ್ನೋ, ಮುಂದಿನವನ್ನೂ ಸೇರಿಸಿಯೋ, ಎಲ್ಲವನ್ನೂ ಅಳಿಸಲೋ ಎಂದು ಕೇಳಿತು. ಎಲ್ಲ ಎಂದೆ. ಕಳಿಸಲೇ ಎಂದಿತು. ಕಳಿಸು ಎಂದೆ.

ಹಳೆಯ ಪಟ್ಟಿ ಚಾನೆಲ್ಲಿನಲ್ಲಿ ಹಾಗೇ ಇತ್ತು. ಅದರ ಕೆಳಗೆ ಹೊಸದಾಗಿ, ಮುಂಜಿ ರದ್ದಾಗಿದೆ, ರಾಹುಕಾಲ ರದ್ದಾಗಿದೆ ಎಂಬ ಪ್ರಕಟಣೆಗಳು ಸಾಲಾಗಿ ಬಂದು ಕೂತವು. "ಥ್ಯಾಂಕ್ಯೂ ಸರ್, ಇನ್ಮೇಲೆ ಯಾವಾಗ ಬೇಕಾದ್ರೂ ರಿಲೀಸ್ ಮಾಡ್ಬಹುದು" ಅಂತ ಪಕ್ಕದ ಸೀಟಿನ ಹುಡುಗ ಬರೆದ.

ಮೊದಲು ಅಡುಗೆಮನೆಯಿಂದ ಹೆಂಡತಿ ಫೋನ್ ಹಿಡಿದು ಬಂದಳು. "ರೀ, ನಮ್ಮಣ್ಣನ ಮಗನ ಮುಂಜಿ ಕ್ಯಾನ್ಸಲ್ ಮಾಡೋಕೆ ನೀವ್ಯಾರ್ರೀ?" ಉತ್ತರ ಕೊಡುವಷ್ಟರಲ್ಲಿ ಶಿವಮೊಗ್ಗದಿಂದ ಭಾವನ ಫೋನು. "ಏನ್ ಭಾವ ಇದು? ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ, ಅಡುಗೆಯವರು ಬುಧವಾರ ಸಂಜೆನೇ ಬರ್ತಾರೆ. ಏನಾದ್ರೂ ಬೇಜಾರಿದ್ರೆ ಬಾಯ್ಬಿಟ್ಟು ಹೇಳ್ಬಾರ್ದಾ?" ಅವರನ್ನು ಸಮಾಧಾನ ಮಾಡಿ ಇಡುವಷ್ಟರಲ್ಲಿ ದೇವರಮನೆಯಿಂದ ಅಮ್ಮ ಹೊರಬಂದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಗಂಟೆ. "ರಾಹುಕಾಲ ರದ್ದು ಮಾಡೋಷ್ಟು ದೊಡ್ಡೋನಾದ್ಯೇನೋ?"

ಅಳಿಸಿದ್ದು ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ವಾಪಸ್ ತೆಗೆಯಬಹುದು ಎಂದ ಮಗ. ತೆಗೆದೆ. ಸುಖಾಂತವೆಂದು ನಿಟ್ಟುಸಿರು ಬಿಡುವ ಮುಂಚೆ ಚಾನೆಲ್ಲಿನಲ್ಲಿ ಟಿಣ್ ಎಂದಿತು. ಹೊಸ ಕಾರ್ಯಕ್ರಮ: ಭಾವನ ಮಗನ ಮುಂಜಿ, ಶಿವಮೊಗ್ಗ. ಆಫೀಸಿಗೆ: ಜ್ವರ. 43 ಜನಕ್ಕೂ ಎರಡನೇ ಸಲ.

ಕೊನೆಗೆ ಪಕ್ಕದ ಸೀಟಿನ ಹುಡುಗನೇ ಜೋಡಣೆ ಬಿಡಿಸಿಕೊಟ್ಟ. ಬಿಡಿಸಿದ ಮೇಲೂ ಆಗಲೇ ಬಿದ್ದ ಸಂದೇಶಗಳು ಅಲ್ಲೇ ಇವೆ, ಅವನ್ನು ಅಳಿಸುವ ಅಧಿಕಾರ ನನಗಿಲ್ಲ. ಸ್ಲ್ಯಾಕಿನ ಹುಡುಕುವ ಜಾಗದಲ್ಲಿ 'ಜ್ವರ' ಎಂದು ಹೊಡೆದು ನೋಡಿದೆ. ನಮ್ಮ ಕಂಪನಿಯ ಇತಿಹಾಸದಲ್ಲಿ ಕನ್ನಡ ಅಕ್ಷರದ ಜ್ವರ ಬಂದಿರುವುದು ನನಗೊಬ್ಬನಿಗೇ.

ಅವತ್ತು ಸಂಜೆ ರಜೆಯ ಅರ್ಜಿ ಹಾಕಿದೆ. ಕಾರಣದ ಜಾಗದಲ್ಲಿ ಮುಂಜಿ ಎಂದೇ ಬರೆದೆ. ಐದು ನಿಮಿಷದಲ್ಲಿ ಒಪ್ಪಿಗೆ ಬಂತು. ಇಷ್ಟು ಬೇಗ ನನ್ನ ಯಾವ ಕಾಯಿಲೆಗೂ ರಜೆ ಸಿಕ್ಕಿದ್ದಿಲ್ಲ.

ಬುಧವಾರ ರಾತ್ರಿ ರೈಲು ಹತ್ತಿದೆವು. ಗುರುವಾರ ವಟುವಿಗೆ ಭಿಕ್ಷೆ ಹಾಕಿ, ರಾಹುಕಾಲಕ್ಕೆ ಮುಂಚೆ ಎಲೆ ಮುಂದೆ ಕೂರಬೇಕೆಂದು ಅಮ್ಮ ಎಬ್ಬಿಸಿ ಕರೆದೊಯ್ದರು. ಎರಡನೇ ಹೋಳಿಗೆ ಬಡಿಸುತ್ತಿರುವಾಗ ಫೋನ್ ಕುಂಯ್‌ಗುಟ್ಟಿತು. ಎಡಗೈಯಲ್ಲಿ ತೆಗೆದು ನೋಡಿದರೆ ಮೇಡಂ: "ಮೇಷ್ಟ್ರೇ, ಜ್ವರ ಹೇಗಿದೆ?"

ಕಲಿಸಿದವನ ಚಾಳಿ, ಮೊದಲು ಒತ್ತನ್ನು ನೋಡಿದೆ. ಸರಿಯಾಗಿತ್ತು. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಕಡಿಮೆಯಾಗಿದೆ ಎಂದು ಒಂದೇ ಬೆರಳಲ್ಲಿ ಉತ್ತರ ಬರೆದೆ.