ನೆಗ್ಗಿಲ ಮುಳ್ಳಿನ ಮುಂದೆ ಐರನ್‌ಮ್ಯಾನ್

ಮನುಷ್ಯ ತನ್ನ ಮೈಗೆ ತಾನೇ ವಿಧಿಸಿಕೊಳ್ಳುವ ಶಿಕ್ಷೆಗಳಲ್ಲಿ ಐರನ್‌ಮ್ಯಾನ್ ಟ್ರಯಥ್ಲಾನ್‌ಗೆ ಮೊದಲ ಮಣೆ ಹಾಕಬೇಕು. 3.8 ಕಿಲೋಮೀಟರ್ ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ 180 ಕಿಲೋಮೀಟರ್ ತುಳಿಯಬೇಕು, ಇಳಿದ ಮೇಲೂ ಕಾಲಲ್ಲಿ ಜೀವ ಉಳಿದಿದ್ದರೆ 42.2 ಕಿಲೋಮೀಟರ್ ಓಡಬೇಕು. ಇಷ್ಟಕ್ಕೂ ಸಾಮಾನ್ಯವಾಗಿ ಕೊಡುವ ಅವಧಿ 17 ಗಂಟೆ. 1978ರ ಫೆಬ್ರುವರಿಯಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಈ ಹುಚ್ಚು ಶುರುವಾದಾಗ ಹೊರಟವರು 15 ಜನ, ಗುರಿ ಮುಟ್ಟಿದವರು 12 ಜನ. ಆ ಹುಚ್ಚು ಲೋಕವನ್ನೆಲ್ಲ ಸುತ್ತಿ, 2019ರಲ್ಲಿ ಇದರ ಅರ್ಧದಳತೆಯ ಪಂದ್ಯವಾಗಿ ಪಕ್ಕದ ಗೋವೆಗೂ ಬಂತು. ಗೋವೆಯವರೆಗೆ ಬಂದದ್ದು ಕೊಪ್ಪಳಕ್ಕೆ ಬರಬಾರದೆಂದೇನೂ ಇಲ್ಲ. ಕೊಪ್ಪಳದಿಂದ ಗಂಗಾವತಿ, ಅಲ್ಲಿಂದ ಕನಕಗಿರಿ, ತಾವರಗೇರಾ ಹಾಯ್ದು ಕುಷ್ಟಗಿ, ಕುಷ್ಟಗಿಯಿಂದ ಯಲಬುರ್ಗಾ, ಮರಳಿ ಕೊಪ್ಪಳ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಇದ್ದ ನಾಲ್ಕೂ ತಾಲ್ಲೂಕು ಕೇಂದ್ರಗಳನ್ನು ಮುಟ್ಟಿಬರುವ ಈ ಸುತ್ತು ಹೆಚ್ಚೂಕಡಿಮೆ ಐರನ್‌ಮ್ಯಾನ್‌ನ ಸೈಕಲ್ ಹಾದಿಯಷ್ಟೇ ಉದ್ದವಾಗುತ್ತದೆ. ಈಜಿಗೆ ತುಂಗಭದ್ರೆ ಇದ್ದಾಳೆ. ಅವಳ ನೀರಲ್ಲಿ ಮೊಸಳೆಗಳೂ ಇರುವುದರಿಂದ ಈಜುಗಾರರ ವೇಗದ ಬಗ್ಗೆ ಚಿಂತೆ ಬೇಡ. ಚಿಂತೆ ಇರುವುದು ಸೈಕಲ್ಲಿನದು. ಅದರಲ್ಲೂ ಟೈರಿನದು.

ಟೈರಿನ ಚಿಂತೆ ಯಾಕೆ ದೊಡ್ಡದೆಂದರೆ, ಸವಾರನ ಇಡೀ ಪ್ರತಾಪ ನೆಲಕ್ಕೆ ತಾಗುವುದು ಎರಡು ಹೆಬ್ಬೆರಳಗಲದ ಜಾಗದಲ್ಲಿ. ಟೈರು ನೆಲ ಮುಟ್ಟಿದಲ್ಲಿ ಚಪ್ಪಟೆಯಾಗುತ್ತದೆ, ಉರುಳಿದಂತೆ ಮತ್ತೆ ದುಂಡಗಾಗುತ್ತದೆ. ಹೀಗೆ ಮಣಿದು ಏಳುವಾಗ ರಬ್ಬರು ಸವಾರನ ಬೆವರಿನಲ್ಲಿ ಒಂದು ಪಾಲನ್ನು ಶಾಖ ಮಾಡಿ ಗಾಳಿಗೆ ತೂರಿಬಿಡುತ್ತದೆ. ದಾರದ ಹೆಣಿಗೆ ತೆಳ್ಳಗಿದ್ದಷ್ಟೂ, ರಬ್ಬರು ಮೆತ್ತಗಿದ್ದಷ್ಟೂ ಈ ಸೋರಿಕೆ ಕಡಿಮೆ. ಲೆಕ್ಕ ಹಿಡಿಯೋಣ. ಸವಾರ, ಸೈಕಲ್ ಸೇರಿ 80 ಕಿಲೋ. ವೇಗ ಗಂಟೆಗೆ 30 ಕಿಲೋಮೀಟರ್. ಬಲು ಚುರುಕಾದ ಟೈರಿನ ಉರುಳು ತಡೆಯ ಅಂಕ 0.004 ಎಂದೂ, ಮುಳ್ಳು ತಡೆಯುವ ಪಟ್ಟಿಯುಳ್ಳ ಒಳ್ಳೆಯ ಟೈರಿನದು 0.005 ಎಂದೂ ಇಟ್ಟುಕೊಂಡರೆ ಎರಡರ ನಡುವಿನ ವ್ಯತ್ಯಾಸ ಆರೂವರೆ ವ್ಯಾಟ್‌ನಷ್ಟು. ಉಳಿದದ್ದೆಲ್ಲ ಗಾಳಿಯ ಜೊತೆಗಿನ ಗುದ್ದಾಟವಾದ್ದರಿಂದ ಈ ಆರೂವರೆ ವ್ಯಾಟ್ 180 ಕಿಲೋಮೀಟರಿಗೆ ಉಳಿಸಿಕೊಡುವುದು ಸುಮಾರು 7 ನಿಮಿಷ. ಕಾಲಿನ ರೋಮ ಬೋಳಿಸಿ, ತಲೆಗೆ ಕೊಕ್ಕಿನಾಕಾರದ ಹೆಲ್ಮೆಟ್ ಏರಿಸಿ ಸೆಕೆಂಡುಗಳನ್ನು ಹೆಕ್ಕುವವರಿಗೆ 7 ನಿಮಿಷವೆಂದರೆ ನಿಧಿ ಸಿಕ್ಕಂತೆ. ಆದ್ದರಿಂದ ಅವರು ಕಣ್ಣು ಮುಚ್ಚಿ ತೆಳ್ಳನೆಯ ಟೈರು ಕೊಳ್ಳುತ್ತಾರೆ. ನನ್ನ ತಕರಾರು ಆ ಕಣ್ಣು ಮುಚ್ಚುವುದರ ಬಗ್ಗೆ. ಟೈರಿನ ವೇಗವನ್ನು ಅದು ಉರುಳುವ ಹೊತ್ತಿನಲ್ಲಷ್ಟೇ ಅಳೆದರೆ ಸಾಲದು, ನಿಂತ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಬೇಕು. ನಿಲ್ಲಿಸುವುದೋ ಬಿಡುವುದೋ ಎಂಬುದನ್ನು ತೀರ್ಮಾನಿಸುವುದು ಕಂಪನಿಯಲ್ಲ, ರಸ್ತೆ.

ನಮ್ಮ ರಸ್ತೆಯ ಸ್ವಭಾವವಾದರೂ ಎಂಥದು? ಕೊಪ್ಪಳ ಬಿಟ್ಟು ಗಿಣಿಗೇರಾ ಕಡೆಗೆ ಹೊರಟರೆ ಉಕ್ಕು, ಅದಿರು ಹೊತ್ತ ಲಾರಿಗಳ ಸಾಮ್ರಾಜ್ಯ. ಲಾರಿ ಟೈರು ಸಿಡಿದಾಗ ಅದರೊಳಗಿನ ಉಕ್ಕಿನ ತಂತಿ ಕೂದಲೆಳೆಯ ಚೂರುಗಳಾಗಿ ರಸ್ತೆಯಂಚಿಗೆ ಸರಿಯುತ್ತದೆ. ಸೈಕಲ್ಲಿನವನನ್ನು ಎಲ್ಲರೂ ತಳ್ಳುವುದೂ ಆ ಅಂಚಿಗೇ. ಆ ತಂತಿ ಎಷ್ಟು ಸಣ್ಣದೆಂದರೆ ಪಂಚರ್ ತೆಗೆದು ಹೊಸ ಟ್ಯೂಬು ಹಾಕಿದ ಮೇಲೂ ಟೈರಿನಲ್ಲೇ ಅಡಗಿ ಕುಳಿತು ಅದನ್ನೂ ಚುಚ್ಚುತ್ತದೆ. ಗಂಗಾವತಿ ಹತ್ತಿರವಾದಂತೆ ಎಡದಂಡೆ ಕಾಲುವೆಯ ಹಸಿರು, ಅದರ ಜೊತೆಗೆ ಗದ್ದೆಯಿಂದ ನೇರ ಡಾಂಬರಿಗೆ ಏರುವ ಟ್ರ್ಯಾಕ್ಟರಿನ ಕೇಜ್‌ವ್ಹೀಲು. ಕೆಸರಿಗೆಂದು ಹುಟ್ಟಿದ ಆ ಕಬ್ಬಿಣದ ಗಾಲಿ ಡಾಂಬರಿನ ಮೇಲೆ ಅಚ್ಚೊತ್ತಿದ ಗೆರೆಗಳ ಮೇಲೆ ಸೈಕಲ್ ಓಡಿಸಿದರೆ ಹಲ್ಲು ಎಣಿಸಿಕೊಳ್ಳಬೇಕಾಗುತ್ತದೆ. ಸುಗ್ಗಿಯಲ್ಲಿ ಅರ್ಧ ರಸ್ತೆ ಭತ್ತ ಒಣಗಿಸುವ ಕಣ. ಕುಷ್ಟಗಿಯಲ್ಲಿ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿ ಮಾತ್ರ ನುಣುಪಾಗಿ ಹಾಸಿಕೊಂಡಿದೆ. ನಮ್ಮ ಸುತ್ತು ಅದನ್ನು ಮುಟ್ಟಿ ಕೈ ಬಿಡುತ್ತದೆ. ಮುಂದೆ ಯಲಬುರ್ಗಾ ದಾರಿಯಲ್ಲಿ ಎರೆ, ಮಸಾರಿ ಹೊಲಗಳು, ಬದುವಿಗೆ ಬಳ್ಳಾರಿ ಜಾಲಿ. ಹೆಸರಿಗೆ ಬಳ್ಳಾರಿಯದಾದರೂ ಅದರ ತವರು ಅಮೆರಿಕ ಖಂಡ. ಐರನ್‌ಮ್ಯಾನ್‌ಗಿಂತ ಬಹಳ ಮುಂಚೆಯೇ ಬಂದು ನೆಲೆಯೂರಿದ ಅತಿಥಿ. ಮಳೆ ಬಿದ್ದರೆ ಹೊಲದಿಂದ ಬಂದ ಬಂಡಿ, ಟ್ರ್ಯಾಕ್ಟರುಗಳು ಎರೆ ಮಣ್ಣನ್ನು ರಸ್ತೆಗೂ ಹಂಚುತ್ತವೆ. ಅದು ಗಾಲಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡರೆ ಲಕ್ಷಗಟ್ಟಲೆ ಬೆಲೆಯ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯಬಹುದು. ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ.

ಇವೆಲ್ಲವುಗಳಿಗೂ ಗುರುವೆಂದರೆ ನೆಗ್ಗಿಲ ಮುಳ್ಳು. ನೆಲಕ್ಕೆ ಹಬ್ಬಿದ ಬಡಪಾಯಿ ಬಳ್ಳಿ, ಐದೆಸಳಿನ ಹಳದಿ ಹೂವು, ನೋಡಿದರೆ ಪಾಪ ಎನಿಸಬೇಕು. ಕಾಯಿ ಒಣಗಿದ ಮೇಲೆ ಐದು ತುಂಡಾಗಿ ಒಡೆಯುತ್ತದೆ; ಪ್ರತಿ ತುಂಡಿಗೂ ಗಟ್ಟಿ ಮುಳ್ಳುಗಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುವಂಥ ರಚನೆ. ಎಂಜಿನಿಯರಿಂಗ್ ಕಾಲೇಜಿಲ್ಲದ ಕಾಲದಲ್ಲಿ ಪ್ರಕೃತಿ ಮಾಡಿದ ಕೆಲಸ. ಆಯುರ್ವೇದದಲ್ಲಿ ಇದಕ್ಕೆ ಗೋಕ್ಷುರವೆಂಬ ಗೌರವದ ಹೆಸರಿದೆ, ಮೂತ್ರದ ತೊಂದರೆಗಳಿಗೆ ಮದ್ದು. ಟ್ಯೂಬಿನ ವಿಷಯದಲ್ಲಿ ಅದು ಮದ್ದಿಲ್ಲದ ರೋಗ. ಕಾಲಿಗೆ, ಟೈರಿಗೆ ಅಂಟಿಕೊಂಡೇ ಇದು ಊರಿಂದೂರಿಗೆ ಬೀಜ ಹರಡುವುದರಿಂದ, ಪಂಚರಾದ ಸವಾರ ಮುಂದಿನ ಸವಾರನ ಪಂಚರಿಗೂ ಬಿತ್ತನೆ ಮಾಡಿಯೇ ಹೋಗಿರುತ್ತಾನೆ. ಇದು ನಮ್ಮ ಹಿಂದುಳಿದಿರುವಿಕೆಯ ಗುರುತೆಂದು ನಾಚಬೇಕಿಲ್ಲ. ಅಮೆರಿಕದ ಐಡಹೊ ರಾಜ್ಯದ ಬಾಯ್ಸಿ ನಗರದಲ್ಲಿ ಇದೇ ಬಳ್ಳಿಯನ್ನು ಕಿತ್ತು ಚೀಲ ತುಂಬಿಸಿ, ಆಮೇಲೆ ಅದರ ಹೆಸರಲ್ಲೇ ಸೈಕಲ್ ಸವಾರರು ಹಬ್ಬ ಮಾಡಿದ್ದುಂಟು. ಕೊಪ್ಪಳಕ್ಕೆ ಗವಿಸಿದ್ಧೇಶ್ವರ ಜಾತ್ರೆ ಸಾಕು. ನೆಗ್ಗಿಲು ಮಾತ್ರ ಅವರಿಗಿಂತ ನಮ್ಮಲ್ಲಿ ಕಡಿಮೆಯಿಲ್ಲ.

ಈಗ ನಿಂತ ಹೊತ್ತಿನ ಲೆಕ್ಕ. ಪಳಗಿದ ಕೈಗೆ ಟ್ಯೂಬು ಬದಲಿಸಲು ಐದಾರು ನಿಮಿಷ ಸಾಕು. ಆದರೆ ಈಜು ಮುಗಿಸಿ, ನಾಲ್ಕು ಗಂಟೆ ತುಳಿದು, ಬೆರಳಿಗೆ ಬೆವರು, ಕಣ್ಣಿಗೆ ಬಿಸಿಲು ಹತ್ತಿದವನಿಗೆ ಹದಿನೈದು ನಿಮಿಷವಾದರೆ ಅಚ್ಚರಿಯಿಲ್ಲ. ತೆಳ್ಳನೆಯ ಟೈರು ಗಳಿಸಿಕೊಟ್ಟ 7 ನಿಮಿಷವನ್ನು ಒಂದೇ ಪಂಚರು ಬಡ್ಡಿ ಸಮೇತ ವಸೂಲು ಮಾಡಿತು. ಅಂದರೆ ಆ ಟೈರಿನಿಂದಾಗಿ ಎರಡು ಸವಾರಿಗೆ ಒಂದರಂತೆ ಹೆಚ್ಚಿನ ಪಂಚರು ಬಂದರೂ ಲಾಭ ಸೊನ್ನೆ. ಅದಕ್ಕಿಂತ ಹೆಚ್ಚಾದರೆ ಕೈಯಿಂದ ಖರ್ಚು. ದೊಡ್ಡವರನ್ನೂ ಇದು ಬಿಟ್ಟಿಲ್ಲ. 2004ರಲ್ಲಿ ಹವಾಯಿಯ ವಿಶ್ವ ಪಂದ್ಯ ಗೆದ್ದ ಜರ್ಮನಿಯ ನಾರ್ಮನ್ ಸ್ಟಾಡ್ಲರ್ 2005ರಲ್ಲಿ ಅದೇ ರಸ್ತೆಯಲ್ಲಿ ಪಂಚರಾಗಿ ನಿಂತ. ಅವನದು ರಿಮ್ಮಿಗೆ ಅಂಟು ಹಚ್ಚಿ ಕೂರಿಸುವ ಟೈರು. ಅಂಟು ಅತಿಯಾಗಿ ಹಿಡಿದು ಕಿತ್ತುಬರಲೊಲ್ಲದು. ಅಂಟು ಜಾಸ್ತಿಯಾಯಿತೆಂದು ಅವನು ಅರಚಾಡಿದ್ದು ಕ್ಯಾಮೆರಾದಲ್ಲಿ ದಾಖಲಾಗಿ ಟ್ರಯಥ್ಲಾನ್ ಲೋಕದ ದಂತಕಥೆಯಾಯಿತು. 2008ರಲ್ಲಿ ಬ್ರಿಟನ್ನಿನ ಕ್ರಿಸ್ಸಿ ವೆಲ್ಲಿಂಗ್ಟನ್ ಅಲ್ಲೇ ಪಂಚರಾಗಿ, ಹವಾ ತುಂಬುವ ಗ್ಯಾಸಿನ ಸಿಲಿಂಡರುಗಳನ್ನೂ ಪೋಲು ಮಾಡಿಕೊಂಡು ನಿಂತಾಗ, ಪ್ರತಿಸ್ಪರ್ಧಿ ರೆಬೆಕಾ ಕೀಟ್ ತನ್ನದೊಂದನ್ನು ಕೊಟ್ಟು ಮುಂದೆ ಹೋದಳು. ಕ್ರಿಸ್ಸಿ ಆ ಹವಾದಲ್ಲಿ ಎದ್ದು ಪಂದ್ಯವನ್ನೇ ಗೆದ್ದಳು. ಕೊಟ್ಟವಳ ಉದಾರತೆ ಮೆಚ್ಚುವಂಥದ್ದು, ಆದರೆ ಅದನ್ನು ಟೈರಿನ ಬಿಡಿಭಾಗವೆಂದು ಎಣಿಸಿ ಹೊರಡುವುದು ಜಾಣತನವಲ್ಲ.

ಹಾಗಾದರೆ ಮುಳ್ಳು ನಾಟದಂಥ ದಪ್ಪ ಟೈರನ್ನೇ ಹಾಕಿಬಿಡಿ, ಹಾಲಿನ ಕ್ಯಾನು ಹೊತ್ತ ಸೈಕಲ್ಲು ದಿನಾ ಓಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಆದರೆ ಲೆಕ್ಕ ಅವರ ಕಡೆಗಿಲ್ಲ. ಅಂಥ ಟೈರಿನ ತಡೆ 0.008ಕ್ಕೆ ಏರಿದರೆ ಚುರುಕಿನ ಟೈರಿಗಿಂತ 26 ವ್ಯಾಟ್ ಹೆಚ್ಚು ಬೆವರು, 180 ಕಿಲೋಮೀಟರಿಗೆ ಅರ್ಧ ಗಂಟೆಯ ಹತ್ತಿರ ನಷ್ಟ. ಪಳಗಿದ ಕೈಯವನು ಅಷ್ಟರಲ್ಲಿ ಎರಡು ಪಂಚರ್ ತೆಗೆದು ಮಿಕ್ಕ ಹೊತ್ತಿನಲ್ಲಿ ಒಂದು ಚಹಾ ಕುಡಿಯಬಹುದು. ಒಂದು ಮುಳ್ಳಿನ ಹೆದರಿಕೆಗೆ ಇಡೀ ದಿನ ದಂಡ ಕಟ್ಟುವುದು ವ್ಯವಹಾರವಲ್ಲ. ಹಾಲಿನವರ ಸೈಕಲ್ಲಿಗೆ ಆ ಟೈರು ಸರಿಯೇ. ಅದರ ಹೊರೆ ದೊಡ್ಡದು, ದಾರಿ ಚಿಕ್ಕದು, ಪಂಚರಾದರೆ ಒಡೆಯುವುದು ಹಾಲು. ಅವರವರ ರಸ್ತೆ, ಅವರವರ ಹೊರೆ ನೋಡಿ ಟೈರು ಎಂಬ ನನ್ನ ವಾದಕ್ಕೆ ಅವರೇ ಮೊದಲ ಸಾಕ್ಷಿ.

ಇನ್ನೊಂದು ಪಂಗಡ ಹವಾದ ಭಕ್ತರದು. ಕಲ್ಲಿನಂತೆ ಗಟ್ಟಿಯಾಗುವವರೆಗೆ ಹವಾ ಹೊಡೆಸಿದರೆ ಗಾಲಿ ಹಾರುತ್ತದೆ ಎಂಬುದು ಅವರ ನಂಬಿಕೆ. ಗಾಜಿನಂಥ ನೆಲದಲ್ಲಿ ಅದು ಒಂದು ಮಟ್ಟಿಗೆ ನಿಜ. ಆದರೆ ಕೇಜ್‌ವ್ಹೀಲ್ ಕೊರೆದ ಡಾಂಬರಿನಲ್ಲಿ ಬಿಗಿದ ಟೈರು ಪ್ರತಿ ಉಬ್ಬಿಗೂ ಸವಾರನನ್ನು ಮೇಲೆತ್ತಿ ಕೆಡವುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಮೈ ನಡುಗಿಸುವುದರಲ್ಲಿ ಮುಗಿಯುತ್ತದೆ. ರೇಸಿನವರು 23 ಮಿಲಿಮೀಟರ್ ಅಗಲದ ಟೈರು ಬಿಟ್ಟು 28ರ ಕಡೆಗೆ ಬಂದದ್ದು, ಹವಾ ಇಳಿಸಿದ್ದು ಈ ಕಾರಣಕ್ಕೇ. ಎಪ್ಪತ್ತು ಕಿಲೋದ ಆಸುಪಾಸಿನ ಸವಾರನಿಗೆ 28ರ ಟೈರಿನಲ್ಲಿ 70 ಪಿಎಸ್‌ಐ ಹತ್ತಿರವೇ ಸಾಕಾಗುತ್ತದೆ. ಅದರ ಮೇಲೆ ನಮ್ಮ ಬಿಸಿಲಿನ ಪಾಲೂ ಇದೆ: ನಸುಕಿನ 20 ಡಿಗ್ರಿಯಲ್ಲಿ ಹೊಡೆದ 80 ಪಿಎಸ್‌ಐ, ಮಧ್ಯಾಹ್ನದ 40 ಡಿಗ್ರಿಗೆ ತಾನಾಗಿ 86ಕ್ಕೆ ಏರುತ್ತದೆ. ಯಲಬುರ್ಗಾದ ಸೂರ್ಯ ಪುಕ್ಕಟೆಯಾಗಿ ಹವಾ ತುಂಬುವಾಗ ಪಂಪಿನ ಮೇಲೆ ಬಿದ್ದು ಒದ್ದಾಡುವುದೇಕೆ?

ಇಷ್ಟು ಹೇಳಿದ ಮೇಲೆ ಟ್ಯೂಬ್‌ಲೆಸ್ ಪಂಗಡದವರು ನಗುತ್ತಾರೆ. ಟೈರಿನೊಳಗೆ ಹಾಲಿನಂಥ ಸೀಲಂಟು ಸುರಿದರೆ ಮುಳ್ಳು ಚುಚ್ಚಿದ ತೂತು ತಾನೇ ಮುಚ್ಚಿಕೊಳ್ಳುತ್ತದಲ್ಲ! ನಿಜ, ನೆಗ್ಗಿಲಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಆದರೆ ಆ ಹಾಲು ನಮ್ಮ ಬಿಸಿಲಿಗೆ ಬೇಗ ಕೆನೆಗಟ್ಟಿ ಒಣಗುತ್ತದೆ, ತಿಂಗಳಿಗೊಮ್ಮೆಯಾದರೂ ತೆರೆದು ನೋಡಬೇಕು. ಕಲ್ಲಿನ ಚೂರು ಪಕ್ಕೆ ಸೀಳಿದರೆ ಅದರ ಕೈಲಾಗದು. ಆಗ ಟ್ಯೂಬೇ ಗತಿ. ಅದನ್ನು ಹಾಕುವ ಮುನ್ನ ಸೀಲಂಟಿನ ದಯೆಯಿಂದ ಮೌನವಾಗಿ ನಾಟಿಕೊಂಡಿದ್ದ ಮುಳ್ಳುಗಳನ್ನೆಲ್ಲ ಬೆರಳಾಡಿಸಿ ಹೆಕ್ಕಬೇಕು, ಇಲ್ಲದಿದ್ದರೆ ಅವು ಒಟ್ಟಾಗಿ ಹೊಸ ಟ್ಯೂಬನ್ನು ಸ್ವಾಗತಿಸುತ್ತವೆ. ಸೀಳಿಗೆ ಒಳಗಿನಿಂದ ಆಸರೆಯಾಗಿ ಮಡಚಿದ ಹತ್ತು ರೂಪಾಯಿ ನೋಟು ಇಟ್ಟರೂ ಊರು ಮುಟ್ಟಬಹುದು. ನಮ್ಮ ಪಂಚರ್ ಅಂಗಡಿಯವರು ಹಳೆ ಟೈರಿನ ತುಂಡಿಟ್ಟು ಮಾಡುವ ಕೆಲಸವೂ ಇದೇ, ಅದಕ್ಕೆ ಹೆಚ್ಚು ಬಾಳಿಕೆ.

ಪಂಚರ್ ಅಂಗಡಿ ಹೆಜ್ಜೆಗೊಂದಿರುವಾಗ ಇಷ್ಟೆಲ್ಲ ತಲೆ ಯಾಕೆ ಎಂಬುದು ಕೊನೆಯ ಆಕ್ಷೇಪ. ನೀರಿನ ಬುಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಹಿಡಿದು, ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚು ಕೂರಿಸುವ ಆ ಕೈಗಳ ಮುಂದೆ ಯಾವ ಐರನ್‌ಮ್ಯಾನ್ ಮೆಕ್ಯಾನಿಕನೂ ತಲೆಬಾಗಬೇಕು. ತೊಡಕಿರುವುದು ಸಾಮಾನಿನಲ್ಲಿ. ಅವರ ಪಂಪಿನ ಬಾಯಿ ಊರ ಸೈಕಲ್ಲಿನ ವಾಲ್ವಿಗೆ ಹೊಂದುವಂಥದ್ದು; ರೇಸ್ ಟ್ಯೂಬಿನ ಕಡ್ಡಿಯಂಥ ಪ್ರೆಸ್ಟಾ ವಾಲ್ವು ಅದಕ್ಕೆ ಹಿಡಿಯುವುದಿಲ್ಲ. ಟೈರು ಕೊಳ್ಳೋಣವೆಂದರೆ, ಊರ ಸೈಕಲ್ಲಿನ 28 ಇಂಚಿನ ಟೈರು ಕೂರುವ ರಿಮ್ಮಿನ ಅಡ್ಡಳತೆ 635 ಮಿಲಿಮೀಟರ್, ರೇಸ್ ಸೈಕಲ್ಲಿನದು 622. ಹದಿಮೂರು ಮಿಲಿಮೀಟರಿನ ಈ ಅಂತರದಲ್ಲಿ ಇಡೀ ಪಂದ್ಯ ಬಿದ್ದುಹೋಗುತ್ತದೆ. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ವರ್ಷಗಟ್ಟಲೆ ಕೊಟ್ಟಿದ್ದ ಸೈಕಲ್ಲಿಗೆ ಯಾವ ಹಳ್ಳಿಯಲ್ಲೂ ಮದ್ದುಂಟು. ಲಕ್ಷದ ಸೈಕಲ್ಲು ಮಾತ್ರ ತಾವರಗೇರಾ ಬಸ್‌ಸ್ಟ್ಯಾಂಡಿನಲ್ಲಿ ಅನಾಥ. ಆದ್ದರಿಂದ ನಂಬಿಕಸ್ತ ಟೈರೆಂದರೆ ಪಂಚರಾಗದ್ದು ಎಂದಷ್ಟೇ ತಿಳಿಯಬಾರದು, ಆದಾಗ ಆ ಊರಲ್ಲೇ ಎಬ್ಬಿಸಬಹುದಾದದ್ದು ಎಂಬುದನ್ನೂ ಸೇರಿಸಿಕೊಳ್ಳಬೇಕು.

ಇನ್ನು ತೀರ್ಪು. ಗುಡಿಸಿ, ವಾಹನ ನಿಲ್ಲಿಸಿ ಸಜ್ಜುಗೊಳಿಸಿದ ಗೋವೆಯಂಥ ರಸ್ತೆಗೆ ಹೋಗುವವರು ತೆಳ್ಳನೆಯ ಚುರುಕು ಟೈರು ಹಾಕಲಿ. ಅಲ್ಲಿ ಉಳಿಸಿದ ನಿಮಿಷಗಳು ನಿಜವಾಗಿಯೂ ಕೈಗೆ ಹತ್ತುತ್ತವೆ. ಕೊಪ್ಪಳದ ಸುತ್ತಿಗೆ, ಅದರಲ್ಲೂ ಸುಗ್ಗಿಯ ದಿನಗಳಲ್ಲಿ, 28 ಮಿಲಿಮೀಟರಿನ, ನಡುವೆ ಮುಳ್ಳು ತಡೆಯುವ ಪಟ್ಟಿಯಿರುವ ಟೈರೇ ಸರಿ, ಒಳಗೆ ತಾಜಾ ಸೀಲಂಟು. ಹೊರೆ ಹೆಚ್ಚು ಬೀಳುವುದು ಹಿಂದಿನ ಗಾಲಿಗೆ, ಪಂಚರೂ ಹೆಚ್ಚು ಅದಕ್ಕೇ. ಒಂದೇ ಒಳ್ಳೆಯ ಟೈರಿಗೆ ದುಡ್ಡಿದ್ದರೆ ಹಿಂದಕ್ಕೇ ಹಾಕಿ. ಚೀಲದಲ್ಲಿ ಎರಡು ಟ್ಯೂಬು, ಪಂಪು, ಪ್ರೆಸ್ಟಾ ವಾಲ್ವಿಗೆ ಸಿಕ್ಕಿಸುವ ಹಿತ್ತಾಳೆಯ ಅಡಾಪ್ಟರು ಇರಲಿ. ಅದು ಬೆರಳ ತುದಿಯಷ್ಟೇ ಇದ್ದರೂ ಸುತ್ತಿನ ದಾರಿಯ ಪಂಚರ್ ಅಂಗಡಿಗಳನ್ನೆಲ್ಲ ನಿಮ್ಮ ತಂಡಕ್ಕೆ ಸೇರಿಸುತ್ತದೆ. ಪಂದ್ಯದ ಹಿಂದಿನ ವಾರ ಕೂತು ಟೈರು ಬಿಚ್ಚಿ ಹಾಕುವುದನ್ನು ಕೈಗೆ ರೂಢಿ ಮಾಡಿ. ಹದಿನೈದು ನಿಮಿಷದ ಕೆಲಸ ಆರಕ್ಕೆ ಇಳಿದರೆ ಉಳಿಯುವುದು 9 ನಿಮಿಷ, ಅದು ಯಾವ ದುಬಾರಿ ಟೈರು ಉಳಿಸುವುದಕ್ಕಿಂತಲೂ ಹೆಚ್ಚು. ಅದಕ್ಕೆ ಅಂಗಡಿಯಲ್ಲಿ ಬೆಲೆಯೂ ಇಲ್ಲ.